ಅಳಿಸದ ಕವಿಯ ಊರಿನಲ್ಲಿ ತಿದ್ದಿದವರ ಕಥೆ

ಇಟ್ಟ ಪದವನ್ನು ಅಳಿಸಲೇ ಇಲ್ಲ ಎಂದು ಗದುಗಿನ ನಾರಣಪ್ಪ ಹೇಳಿಕೊಂಡ. ಅದೇ ಸೀಮೆಯ ಕನ್ನಡದಲ್ಲಿ ಪಂಪ ಭಾರತದ ಕಥೆಯನ್ನೇ ತಿದ್ದಿದ, ಅಳಿಯ ಮಾವನ ಕಥೆಯನ್ನು ಮತ್ತೆ ಬರೆದ, ನಾಟಕದ ಮಾಸ್ತರರು ಅಚ್ಚಾದ ಪುಸ್ತಕದ ಮೇಲೂ ಪೆನ್ಸಿಲ್ ಆಡಿಸಿದರು. ದೀಪಾವಳಿ ಕಥಾಸ್ಪರ್ಧೆಗಳಿಗೆ ಕರಡು ಸಿದ್ಧವಾಗುತ್ತಿರುವ ಹೊತ್ತಿನಲ್ಲಿ ಗದಗ–ಲಕ್ಷ್ಮೇಶ್ವರ ಸೀಮೆಯ ಸಾವಿರ ವರ್ಷಗಳ ತಿದ್ದುಪಡಿಯ ಮೇಲೊಂದು ನೋಟ.

ಶ್ರಾವಣದ ಬೆಳಗು. ಗದುಗಿನ ವೀರನಾರಾಯಣ ಗುಡಿಗೆ ಬಂದವರು ದರ್ಶನ ಮುಗಿಸಿ ನೇರ ಹೊರಗೆ ಹೋಗುವುದಿಲ್ಲ. ಒಂದು ಕಂಬದ ಹತ್ತಿರ ನಿಲ್ಲುತ್ತಾರೆ. ಕೆಲವರು ಅದನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಕುಮಾರವ್ಯಾಸನೆಂದು ಹೆಸರಾದ ನಾರಣಪ್ಪ ಇಲ್ಲೇ ಒರಗಿ ಕೂತು ಭಾರತ ಬರೆದನಂತೆ.

ಊರಿನ ಕಥೆ ಇನ್ನೂ ಸೊಗಸಾಗಿದೆ. ಕೋಳಿವಾಡದಿಂದ ಬಂದ ನಾರಣಪ್ಪ ಕೋನೇರಿಯಲ್ಲಿ ಮುಳುಗಿ, ಒದ್ದೆ ಧೋತರದಲ್ಲೇ ಬಂದು ಕೂರುತ್ತಿದ್ದ. ಅರಿವೆ ಆರುವತನಕ ಪದ್ಯ ತಾನಾಗಿ ಹರಿಯುತ್ತಿತ್ತು. ಆರಿತೋ, ಅವತ್ತಿನ ಬರವಣಿಗೆ ಅಲ್ಲಿಗೆ ಮುಗಿಯಿತು.

ಗದುಗಿನ ಗಾಳಿ ಬಲ್ಲವರಿಗೆ ಇಲ್ಲೊಂದು ಲೆಕ್ಕ ಕಾಡುತ್ತದೆ. ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಇದು. ಇದಕ್ಕೆ ಒಡ್ಡಿಕೊಂಡ ಧೋತರ ಎಷ್ಟು ಹೊತ್ತು ಹಸಿ ಇದ್ದೀತು? ಅಷ್ಟರೊಳಗೇ ದಿನದಿನವೂ ಬರೆದು ಎಂಟು ಸಾವಿರಕ್ಕೂ ಮಿಕ್ಕ ಷಟ್ಪದಿ ಮುಗಿಸಬೇಕೆಂದರೆ ಹಿಂತಿರುಗಿ ನೋಡಲು ಪುರುಸೊತ್ತೆಲ್ಲಿ?

ನೋಡಲೇ ಇಲ್ಲ ಎನ್ನುವುದು ಕವಿಯದೇ ಮಾತು. ಪೀಠಿಕೆಯಲ್ಲಿ ಆತ ತನ್ನ ಹೆಚ್ಚುಗಾರಿಕೆಗಳನ್ನು ಸಾಲಾಗಿ ಎಣಿಸುತ್ತಾನೆ. ಹಲಗೆ–ಬಳಪ ಹಿಡಿಯಲಿಲ್ಲ. ಇಟ್ಟ ಪದ ಅಳಿಸಲಿಲ್ಲ. ಮತ್ತೊಬ್ಬರ ರೀತಿಯನ್ನು ಎತ್ತಿಕೊಳ್ಳಲಿಲ್ಲ. ಓಲೆಯ ಮೇಲೆ ಕಂಟದ ಸದ್ದು ನಡುವೆ ನಿಲ್ಲಲಿಲ್ಲ.

ಕನ್ನಡದ ಬರಹಗಾರರಿಗೆ ಐನೂರಕ್ಕೂ ಹೆಚ್ಚು ವರ್ಷಗಳಿಂದ ಹೊಟ್ಟೆಯುರಿಸುತ್ತಿರುವ ಪದ್ಯ ಇದು. ಆದರೆ ಅದನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಯಾರೂ ಬಳಪ ಹಿಡಿಯದ ಕಾಲದಲ್ಲಿ ಬಳಪ ಹಿಡಿಯಲಿಲ್ಲವೆಂದು ಯಾರಾದರೂ ಹೆಮ್ಮೆಪಡುತ್ತಾರೆಯೇ? ಉಳಿದ ಕವಿಗಳೆಲ್ಲ ಹಲಗೆಯ ಮೇಲೆ ಬರೆದು, ಒರೆಸಿ, ಮತ್ತೆ ಬರೆದು, ಒಪ್ಪವಾದ ಮೇಲಷ್ಟೇ ಓಲೆಗೆ ಇಳಿಸುತ್ತಿದ್ದರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಅಳಿಸದವನ ಜಂಬದಲ್ಲಿಯೇ ಅಳಿಸುವವರ ಇಡೀ ಕಾರ್ಖಾನೆ ಕಾಣುತ್ತದೆ.

ಓಲೆಗರಿಯ ಸ್ವಭಾವವೇ ಹಾಗೆ. ಕಂಟ ಗರಿಯನ್ನು ಕೊರೆಯುತ್ತದೆ. ಆ ಗೀರಿಗೆ ಮಸಿ ತೀಡಿದಾಗ ಅಕ್ಷರ ಎದ್ದು ಕಾಣುತ್ತದೆ. ಕೊರೆದದ್ದನ್ನು ಒರೆಸಲು ಬರುವುದಿಲ್ಲ. ಹೊಡೆದುಹಾಕಬಹುದು, ಅಂಚಿನಲ್ಲಿ ಸೇರಿಸಬಹುದು, ಅಷ್ಟೆ. ಹಾಗಾಗಿ ತಪ್ಪು ಮಾಡಲು ಬೇರೆಯೇ ಒಂದು ಜಾಗ ಬೇಕಿತ್ತು.

ಅದೇ ಪದ್ಯದ ಆಸುಪಾಸಿನಲ್ಲಿ ಇನ್ನೊಂದು ಜಾಣತನವಿದೆ. ಕವಿ ವೀರನಾರಾಯಣ, ತಾನು ಬರೀ ಲಿಪಿಕಾರ ಎನ್ನುತ್ತಾನೆ ನಾರಣಪ್ಪ. ದೇವರು ಹೇಳಿದ್ದನ್ನು ಬರೆದುಕೊಳ್ಳುವವನಿಗೆ ಅಳಿಸುವ ಅಧಿಕಾರ ಎಲ್ಲಿಂದ ಬರಬೇಕು? ತಿದ್ದಿದ್ದರೂ ಅದು ದೇವರ ಖಾತೆಗೇ ಹೋಗುತ್ತದೆ.

■ ಕಡತ: ಅಂದಿನ ಕರಡು ಪುಸ್ತಕ

ಈಗ ಸರ್ಕಾರಿ ಕಚೇರಿಯ ಫೈಲಿಗೆ ಹೇಳುವ ‘ಕಡತ’ ಮೊದಲು ಬಟ್ಟೆಯ ಪುಸ್ತಕ. ಹುಣಸೆ ಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಅರಿವೆಗೆ ಬಳಿದು, ಒಣಗಿಸಿ, ಹಿಂದೆಮುಂದೆ ಮಡಚಿ, ಎರಡೂ ಕಡೆ ಹಲಗೆ ಇಟ್ಟರೆ ಕಡತ ಸಿದ್ಧ. ಕಪ್ಪು ಮೈ ಮೇಲೆ ಬಳಪದಿಂದ ಬಿಳಿ ಅಕ್ಷರ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಶಾನುಭೋಗರ ಲೆಕ್ಕಪತ್ರ 19ನೇ ಶತಮಾನದವರೆಗೂ ಇದರಲ್ಲೇ ನಡೆದಿತ್ತು. ಒರೆಸಿದರೆ ಹೋಗುವಂಥದ್ದರ ಹೆಸರು, ಒಮ್ಮೆ ಸೇರಿದ್ದು ಹೊರಗೆ ಬಾರದಂಥದ್ದಕ್ಕೆ ಅಂಟಿಕೊಂಡಿತು!

ದ್ರೌಪದಿಯ ಎರಡು ಕರಡು

ಗದುಗಿನಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿ.ಮೀ. ಹಳೆಯ ಹೆಸರು ಪುಲಿಗೆರೆ. ತನ್ನ ಕಾವ್ಯದ ಭಾಷೆ ಈ ಪುಲಿಗೆರೆಯ ತಿರುಳುಗನ್ನಡ ಎಂದು ಪಂಪ ಹೇಳಿಕೊಂಡಿದ್ದಾನೆ. ಅವನ ಕನ್ನಡದ ನೀರು ಇಲ್ಲಿಯದು.

ಕ್ರಿ.ಶ. 941ರ ಸುಮಾರಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ. ಬರೆಯಲು ಹಿಡಿದದ್ದು ಆರು ತಿಂಗಳು ಎಂದು ಅವನದೇ ಲೆಕ್ಕ. ವ್ಯಾಸರ ಕಥೆಯಲ್ಲಿ ಅವನು ಮಾಡಿದ ತಿದ್ದುಪಡಿ ಸಣ್ಣದಲ್ಲ: ದ್ರೌಪದಿಗೆ ಐವರು ಗಂಡಂದಿರಿಲ್ಲ, ಅರ್ಜುನ ಒಬ್ಬನೇ.

ಕಾರಣ ಆಸ್ಥಾನದ್ದು. ಅವನ ಆಶ್ರಯದಾತ ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿ. ಕಾವ್ಯದ ಅರ್ಜುನನೂ ಅವನೇ. ಅರಸನ ರಾಣಿಯನ್ನು ಐವರಿಗೆ ಹಂಚುವುದು ಹೇಗೆ? ಪಂಪ ಒಂದು ಎಳೆ ಎಳೆದು ತೆಗೆದ.

ಬೆಟಗೇರಿಯ ನೇಕಾರರನ್ನು ಕೇಳಿದರೆ ಮುಂದಿನದನ್ನು ಅವರೇ ಹೇಳುತ್ತಾರೆ. ಹಾಸಿನಲ್ಲಿ ಒಂದೆಳೆ ಬದಲಾದರೆ ಸೀರೆಯ ಉದ್ದಕ್ಕೂ ಅದು ಕಾಣುತ್ತಲೇ ಹೋಗುತ್ತದೆ. ಪಂಪನಿಗೂ ಹಾಗೇ ಆಯಿತು. ತುಂಬಿದ ಸಭೆಯಲ್ಲಿ ಮುಡಿ ಬಿಚ್ಚಿದ ದ್ರೌಪದಿಗಾಗಿ ಪ್ರತಿಜ್ಞೆ ಮಾಡುವವನು ಇವನಲ್ಲೂ ಭೀಮನೇ. ದುಶ್ಶಾಸನನನ್ನು ಕೊಂದು ಆ ಮುಡಿ ಕಟ್ಟುವವನೂ ಭೀಮನೇ. ಗಂಡ ಅರ್ಜುನ ಎದುರಿಗಿರುವಾಗ ಭಾವನಿಗೆ ಯಾಕಿಷ್ಟು ಸಿಟ್ಟು ಎಂದು ವಿಮರ್ಶಕರು ಕೇಳುತ್ತಲೇ ಬಂದಿದ್ದಾರೆ. ಕೊನೆಯ ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕ ಕೂರುವವಳು ಸುಭದ್ರೆ. ದ್ರೌಪದಿ ಸದ್ದಿಲ್ಲದೆ ಹಿಂದೆ ಸರಿದಿರುತ್ತಾಳೆ.

ಕಥೆ ತಿದ್ದುವವರೆಲ್ಲ ಮೊದಲು ಎಡವುವುದು ಇಲ್ಲೇ. ಮೂರನೇ ಪುಟದಲ್ಲಿ ಅಣ್ಣನನ್ನು ತೆಗೆದುಹಾಕಿರುತ್ತಾರೆ. ಹನ್ನೊಂದನೇ ಪುಟದಲ್ಲಿ ಅವನು ಚಹಾ ಕುಡಿಯುತ್ತಾ ಕೂತಿರುತ್ತಾನೆ. ಒಂದು ಬದಲಾವಣೆ ಮಾಡಿದ ಮೇಲೆ ಅದೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಡೀ ಕಥೆಯನ್ನು ಮೊದಲಿಂದ ಓದುವ ತಾಳ್ಮೆ ಬೇಕು.

ಐದು ಶತಮಾನಗಳ ನಂತರ, ಪುಲಿಗೆರೆಯಿಂದ 40 ಕಿ.ಮೀ. ಆಚೆ, ಕುಮಾರವ್ಯಾಸ ಐವರನ್ನೂ ವಾಪಸು ತಂದ. ತಂದದ್ದಷ್ಟೇ ಅಲ್ಲ, ಆ ಸಂಖ್ಯೆಯಿಂದಲೇ ಸಂಕಟ ಹಿಂಡಿದ. ವಿರಾಟನ ಅರಮನೆಯಲ್ಲಿ ಕೀಚಕನ ಕಾಟ ತಾಳದೆ ದ್ರೌಪದಿ ನಡುರಾತ್ರಿ ಅಡುಗೆಮನೆಗೆ ಬರುತ್ತಾಳೆ. ಅಲ್ಲಿ ಮಲಗಿರುವ ಭೀಮನನ್ನು ಎಬ್ಬಿಸುತ್ತಾಳೆ. ಐವರು ಗಂಡಂದಿರಿರುವ ಹೆಣ್ಣು ಕತ್ತಲಲ್ಲಿ ಒಬ್ಬನನ್ನೇ ಆರಿಸಿ ಬರುವ ಆ ಹೆಜ್ಜೆಗಳಲ್ಲಿ ಉಳಿದ ನಾಲ್ವರ ಮೇಲಿನ ತೀರ್ಪೂ ಇದೆ. ಪಂಪನ ಕರಡಿನಲ್ಲಿ ಈ ಹೆಜ್ಜೆಗಳಿಗೆ ಇಷ್ಟು ತೂಕ ಬರಲು ಸಾಧ್ಯವಿರಲಿಲ್ಲ.

ಮಾವ ಬರೆದದ್ದು, ಅಳಿಯ ಬರೆದದ್ದು

ಲಕ್ಷ್ಮೇಶ್ವರದ ಸೋಮನಾಥ ಗುಡಿಗೂ ಒಂದು ಪ್ರೇಮಕಥೆ ಉಂಟು. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ ಆದಯ್ಯ ಎಂಬ ಶಿವಭಕ್ತ, ಜೈನ ಸೆಟ್ಟಿಯ ಮಗಳು ಪದ್ಮಾವತಿಯನ್ನು ಪ್ರೀತಿಸಿದ. ಅವಮಾನ, ಹಟ, ಕೊನೆಗೆ ಸೌರಾಷ್ಟ್ರದ ಸೋಮನಾಥನನ್ನೇ ಪುಲಿಗೆರೆಗೆ ತರುವ ಪಣ.

ಹಂಪೆಯ ಹರಿಹರ ಇದನ್ನು ರಗಳೆಯಲ್ಲಿ ಬರೆದ. ರಗಳೆ ಓಡುವ ಛಂದಸ್ಸು. ಎರಡೆರಡು ಸಾಲಿಗೆ ಪ್ರಾಸ ಹಾಕುತ್ತ ಉಸಿರು ಹಿಡಿಯದೆ ಸಾಗುತ್ತದೆ. ನಂತರ ಅದೇ ಕಥೆಯನ್ನು ಅವನ ಸೋದರಳಿಯ ರಾಘವಾಂಕ ಎತ್ತಿಕೊಂಡು ‘ಸೋಮನಾಥ ಚರಿತೆ’ ಮಾಡಿದ, ಷಟ್ಪದಿಯಲ್ಲಿ. ಷಟ್ಪದಿ ಆರು ಸಾಲಿಗೊಮ್ಮೆ ನಿಲ್ಲುತ್ತದೆ. ನಿಂತಾಗಲೆಲ್ಲ ಪಾತ್ರಗಳಿಗೆ ಎದುರುಬದುರಾಗಿ ಮಾತಾಡಲು ಜಾಗ ಸಿಗುತ್ತದೆ. ಮಾತಿಗೆ ಮಾತು ಕೊಡುವ ನಾಟಕೀಯತೆಗೆ ರಾಘವಾಂಕ ಹೆಸರಾದದ್ದು ಸುಮ್ಮನಲ್ಲ.

ಕಥೆ ಅದೇ, ಊರು ಅದೇ. ಬದಲಾದದ್ದು ಹೇಳುವ ಉಸಿರು. ತಿದ್ದುವುದೆಂದರೆ ಪದ ಬದಲಿಸುವುದಷ್ಟೇ ಎಂದುಕೊಂಡವರಿಗೆ ಈ ಜೋಡಿ ಒಳ್ಳೆಯ ಪಾಠ. ಕೆಲವು ಕಥೆಗಳಿಗೆ ಬೇಕಾಗಿರುವುದು ಬೇರೆ ವಾಕ್ಯವಲ್ಲ, ಬೇರೆ ನಿರೂಪಕ. ಕೆಲವಕ್ಕೆ ಬೇರೆ ಆರಂಭ.

ಮಾವ–ಅಳಿಯರ ಬಗ್ಗೆ ಜನಜನಿತವಾದ ಇನ್ನೊಂದು ಕಥೆಯಲ್ಲಿ ವಿಮರ್ಶೆ ಸ್ವಲ್ಪ ಕೈಮೀರಿತು. ಶಿವಭಕ್ತರನ್ನು ಬಿಟ್ಟು ಹರಿಶ್ಚಂದ್ರನೆಂಬ ರಾಜನ ಮೇಲೆ ಕಾವ್ಯ ಬರೆದನೆಂದು ಸಿಟ್ಟಿಗೆದ್ದ ಹರಿಹರ ಹೊಡೆದೇಬಿಟ್ಟ. ಅಳಿಯನ ಐದು ಹಲ್ಲು ಹೋದವು. ಐದು ಶಿವಕಾವ್ಯ ಬರೆದ ಮೇಲೆ ಒಂದೊಂದಾಗಿ ಹಲ್ಲು ಮರಳಿ ಬಂದವಂತೆ. ಕನ್ನಡಿಗರು ಮಾತ್ರ ಹಲ್ಲು ಮುರಿಸಿದ ‘ಹರಿಶ್ಚಂದ್ರ ಕಾವ್ಯ’ವನ್ನೇ ಹೆಚ್ಚು ಓದಿದರು.

■ ಅಲ್ಲಮ: ಎರಡು ರೂಪ

ಹರಿಹರನ ‘ಪ್ರಭುದೇವರ ರಗಳೆ’ಯ ಅಲ್ಲಮ ಮದ್ದಳೆಗಾರ. ಕಮಲತೆಯನ್ನು ಪ್ರೀತಿಸಿ ಮದುವೆಯಾಗಿ, ಅವಳು ಜ್ವರದಿಂದ ತೀರಿಕೊಂಡಾಗ ಹುಚ್ಚನಂತೆ ಅಲೆಯುತ್ತಾನೆ. 15ನೇ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯ ಅಲ್ಲಮನೂ ಮದ್ದಳೆ ಬಾರಿಸುತ್ತಾನೆ. ಆದರೆ ಅವನು ಯಾವ ಮಾಯೆಗೂ ಸಿಕ್ಕುವವನಲ್ಲ, ಸೋಲುವವಳು ಮಾಯಾದೇವಿಯೇ. ಒಬ್ಬ ಕವಿ ಮನುಷ್ಯನನ್ನು ದೇವರವರೆಗೆ ನಡೆಸಿದ. ಇನ್ನೊಬ್ಬ ಅವನನ್ನು ಮೊದಲಿನಿಂದಲೇ ದೇವರಾಗಿಸಿದ. ಚಾಮರಸ ಕುಮಾರವ್ಯಾಸನ ನೆಂಟ ಎಂಬುದು ಗದಗ ಸೀಮೆಯ ಪ್ರತೀತಿ.

ತುಪ್ಪಕ್ಕೆ ಎಣ್ಣೆ ಬೆರೆಸಬೇಡಿ

ಗದಗದ ಹತ್ತಿರದ ಮುಳಗುಂದದಲ್ಲಿ 12ನೇ ಶತಮಾನದ ಆರಂಭದಲ್ಲಿದ್ದ ನಯಸೇನನ ತಕರಾರು ಪದಗಳ ಬಗ್ಗೆ. ಹದಿನಾಲ್ಕು ಕಥೆಗಳ ‘ಧರ್ಮಾಮೃತ’ದಲ್ಲಿ ಅವನು, ಕನ್ನಡದಲ್ಲಿ ಬರೆಯುತ್ತೇನೆಂದು ಹೊರಟು ಒಗ್ಗದ ಸಂಸ್ಕೃತ ತುರುಕುವವರನ್ನು ಗೇಲಿ ಮಾಡುತ್ತಾನೆ. ತುಪ್ಪಕ್ಕೂ ಎಣ್ಣೆಗೂ ಹೊಂದಿಕೆಯಾದೀತೆ ಎನ್ನುವುದು ಅವನ ಪ್ರಶ್ನೆ. ಬೋಧನೆ ಮಾಡಿ ಸುಮ್ಮನಾಗದೆ, ತನ್ನ ಕಥೆಗಳ ತುಂಬ ಅಡುಗೆಮನೆ, ಹೊಲ, ಸಂತೆಯ ಉಪಮೆಗಳನ್ನು ಒಂದರ ಮೇಲೊಂದು ಪೇರಿಸುತ್ತಾನೆ. ಕೆಲವೊಮ್ಮೆ ಅತಿಯಾಗಿಯೂ ಪೇರಿಸುತ್ತಾನೆ. ನಾಲ್ಕು ಹೋಲಿಕೆ ಸಾಕಿದ್ದಲ್ಲಿ ಹತ್ತು ಬರುತ್ತವೆ. ಮುಳಗುಂದದಲ್ಲಿ ಅವನಿಗೊಬ್ಬ ಸಂಪಾದಕ ಇದ್ದಿದ್ದರೆ!

ಹೊಳೆಆಲೂರಿನವರ ಅಟ್ಟ

ಸಂಪಾದಕ ಎಂಬ ಪ್ರಾಣಿ ಆಧುನಿಕ ಕನ್ನಡದಲ್ಲಿ ಹೇಗಿರುತ್ತದೆ ಎಂದು ನೋಡಲು ಧಾರವಾಡದ ಒಂದು ಅಟ್ಟ ಹತ್ತಬೇಕು. ಆ ಅಟ್ಟದ ಯಜಮಾನ ಈಗಿನ ಗದಗ ಜಿಲ್ಲೆಯ ಹೊಳೆಆಲೂರಿನವರು: ಜಿ.ಬಿ. ಜೋಶಿ, ಕಾವ್ಯನಾಮ ಜಡಭರತ. 1933ರಲ್ಲಿ ಅವರು ಕಟ್ಟಿದ ಮನೋಹರ ಗ್ರಂಥಮಾಲೆಗೆ ಸಾಹಿತ್ಯ ಸಲಹೆಗಾರರಾಗಿ ಒದಗಿದವರು ಕೀರ್ತಿನಾಥ ಕುರ್ತಕೋಟಿ, 1928ರಲ್ಲಿ ಗದುಗಿನಲ್ಲೇ ಹುಟ್ಟಿದವರು.

ಅಟ್ಟದಲ್ಲಿ ಚಹಾ, ಎಲೆ–ಅಡಿಕೆ, ಹರಟೆ ನಡೆಯುತ್ತಿದ್ದವು. ಅವುಗಳ ನಡುವೆಯೇ ಹಸ್ತಪ್ರತಿಗಳ ಹಣೆಬರಹವೂ ತೀರ್ಮಾನವಾಗುತ್ತಿತ್ತು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಬಂದದ್ದು ಇಲ್ಲಿಂದಲೇ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ಬರೆದ ‘ಸಂಸ್ಕಾರ’ 1965ರಲ್ಲಿ ಪುಸ್ತಕವಾದದ್ದೂ ಇಲ್ಲೇ.

ಒಳ್ಳೆಯ ಓದುಗನ ಒಂದು ಮಾತು ಬರೆದದ್ದನ್ನು ತಿದ್ದಿಸಬಲ್ಲದು. ಕೆಲವೊಮ್ಮೆ ಬರೆಯದಿರುವುದನ್ನೂ ಬರೆಸಬಲ್ಲದು. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕವಿಲ್ಲ ಎಂದು ಕುರ್ತಕೋಟಿ ಆಡಿದ ಮಾತೇ ತಮ್ಮನ್ನು ಇತಿಹಾಸದ ಕಡೆ ತಿರುಗಿಸಿತೆಂದು ಕಾರ್ನಾಡರು ನೆನೆದಿದ್ದಾರೆ. ಫಲ, 1964ರ ‘ತುಘಲಕ್’.

ಇನ್ನು ‘ಯಯಾತಿ’. ಇಪ್ಪತ್ತೆರಡರ ಹುಡುಗನಾಗಿದ್ದಾಗ ಬರೆದ ಆ ನಾಟಕವನ್ನು ಕಾರ್ನಾಡರು ಬಹಳ ಕಾಲ ತಾವಾಗಿ ಇಂಗ್ಲಿಷಿಗೆ ತರಲಿಲ್ಲ. ಉಳಿದ ಬಹುತೇಕ ನಾಟಕಗಳು ಒಂದೊಂದಾಗಿ ಹೋದವು. ಇದು ಕಾಯುತ್ತ ಕೂತಿತ್ತು. ಅವರದೇ ಇಂಗ್ಲಿಷ್ ರೂಪ ಹೊರಬಂದದ್ದು 2008ರಲ್ಲಿ, ಅವರಿಗೆ ಎಪ್ಪತ್ತಾಗಿದ್ದಾಗ. ಮುಪ್ಪು–ಹರೆಯಗಳ ಅದಲುಬದಲಿನ ಕಥೆಗೆ ಅದರ ಕರ್ತೃ ಎರಡೂ ವಯಸ್ಸಿನಲ್ಲಿ ಕೈ ಹಚ್ಚಿದಂತಾಯಿತು.

■ 47 ಮುಕ್ತಾಯ

ಅಮೆರಿಕದ ಅರ್ನೆಸ್ಟ್ ಹೆಮಿಂಗ್ವೆ 1929ರ ತಮ್ಮ ಕಾದಂಬರಿ ‘ಎ ಫೇರ್‌ವೆಲ್ ಟು ಆರ್ಮ್ಸ್’ನ ಕೊನೆಯ ಪುಟವನ್ನು 39 ಸಲ ಬರೆದೆ ಎಂದು ಸಂದರ್ಶನವೊಂದರಲ್ಲಿ ಹೇಳಿದ್ದರು. ಕಷ್ಟ ಏನಿತ್ತು ಎಂದು ಕೇಳಿದ್ದಕ್ಕೆ, ಪದಗಳನ್ನು ಸರಿಯಾಗಿ ಕೂರಿಸುವುದು ಎಂಬರ್ಥದ ಉತ್ತರ. ಉಳಿದಿದ್ದ ಹಸ್ತಪ್ರತಿಗಳನ್ನು ಕಲೆಹಾಕಿ 2012ರಲ್ಲಿ ಹೊಸ ಆವೃತ್ತಿ ತಂದಾಗ ಮುಕ್ತಾಯಗಳ ಎಣಿಕೆ 47ಕ್ಕೆ ಏರಿತ್ತು.

ಮೊಳೆ ಜೋಡಿಸುವವರ ಸಿಟ್ಟು

ಗದಗ–ಬೆಟಗೇರಿಗೆ ಮುದ್ರಣಕಾಶಿ ಎಂಬ ಹೆಸರೂ ಇದೆ. ಕ್ಯಾಲೆಂಡರು, ಪಂಚಾಂಗ, ನೋಟ್‌ಬುಕ್ಕು, ಸಂಕೇಶ್ವರರ ಶಬ್ದಕೋಶ, ಶಾಬಾದಿಮಠ ಪುಸ್ತಕದಂಗಡಿಯ ನಾಟಕ–ಬಯಲಾಟದ ಪುಸ್ತಕ, ಹೀಗೆ ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಅಕ್ಷರ ಹೋದದ್ದು ಈ ಊರಿನಿಂದ.

ಅಚ್ಚುಮೊಳೆಯ ಕಾಲದಲ್ಲಿ ಲೇಖಕರ ತಿದ್ದುಪಡಿಗೆ ಬೆಲೆ ಇತ್ತು, ರೂಪಾಯಿಯಲ್ಲೇ. ಕಂಪೋಜಿಟರ್ ಒಂದೊಂದೇ ಮೊಳೆಯನ್ನು ಗೂಡಿನಿಂದ ಹೆಕ್ಕಿ, ತಲೆಕೆಳಗಾಗಿ ಓದುತ್ತ, ಸಾಲು ಕಟ್ಟುತ್ತಿದ್ದ. ಕರಡಚ್ಚು ನೋಡಿದ ಲೇಖಕ ನಡುಸಾಲಿನಲ್ಲಿ ಒಂದು ‘ಆದರೂ’ ಸೇರಿಸಿದರೆ, ಆ ಸಾಲಿನ ಕೊನೆಯ ಪದ ಕೆಳಗೆ ಜಾರಬೇಕು. ಅದರ ಕೊನೆಯದು ಮತ್ತೂ ಕೆಳಗೆ. ಪ್ಯಾರಾ ಮುಗಿಯುವತನಕ ಎಲ್ಲ ಸಾಲುಗಳನ್ನೂ ಬಿಚ್ಚಿ ಕಟ್ಟಬೇಕು. ಅದಕ್ಕೇ ಅನುಭವಸ್ಥರು ಒಂದು ಪದ ಸೇರಿಸಿದರೆ ಅಷ್ಟೇ ಅಗಲದ ಇನ್ನೊಂದು ಪದವನ್ನು ಅದೇ ಸಾಲಿನಲ್ಲಿ ಹುಡುಕಿ ಹೊಡೆಯುತ್ತಿದ್ದರು. ಬರೆಯುವ ಹೊತ್ತಿಗೆ ಕಾಣದ ಎಷ್ಟು ಗೊಡ್ಡು ಪದಗಳು ಹಾಗೆ ಹುಡುಕುವಾಗ ಸಿಕ್ಕಿಬಿದ್ದವೋ!

ಕಂಪ್ಯೂಟರ್ ಬಂದ ಮೇಲೆ ಸೇರಿಸುವುದು ಬಿಟ್ಟಿಯಾಯಿತು. ಕಥೆಗಳು ದಪ್ಪಗಾದವು. ಸ್ಪರ್ಧೆಯವರು ಹಾಕುವ ಪದಮಿತಿ ಈಗ ಆ ಹಳೆಯ ಕಂಪೋಜಿಟರನ ಕೆಲಸ ಮಾಡುತ್ತಿದೆ.

“ಇದು ಬಾಯಾಗ ಬರೂದಿಲ್ಲರಿ”

ಅಚ್ಚಾದ ಮೇಲಾದರೂ ಕಥೆ ನಿಲ್ಲುತ್ತದೆಯೇ? ಶಿರಹಟ್ಟಿಯ ಫಕೀರೇಶ್ವರ ಜಾತ್ರೆ, ಮುಂಡರಗಿಯ ಅನ್ನದಾನೀಶ್ವರ ಜಾತ್ರೆ ಎಂದರೆ ಸುತ್ತಲಿನ ಹಳ್ಳಿಗಳಿಗೆ ನಾಟಕದ ನೆನಪೂ ಹೌದು. ಹಳ್ಳಿಯ ಹುಡುಗರು ಗದುಗಿನಿಂದ ನಾಟಕದ ಪುಸ್ತಕ ತಂದು ಮಾಸ್ತರರ ಕೈಗಿಡುತ್ತಾರೆ. ತಾಲೀಮು ಶುರುವಾಗಿ ನಾಲ್ಕು ದಿನಕ್ಕೆ ಆ ಪುಸ್ತಕದ ಚಹರೆಯೇ ಬದಲಾಗಿರುತ್ತದೆ. ಸ್ವಗತದ ಅರ್ಧಕ್ಕೆ ಅಡ್ಡಗೆರೆ. ಅಂಚಿನಲ್ಲಿ ಪೆನ್ಸಿಲಿನ ಹೊಸ ಮಾತು. ಮೈಸೂರು ಕಡೆಯ ‘ಹೋಗುತ್ತೇನೆ’ ಹೋಗಿ ‘ಹೊಕ್ಕೇನಿ’ ಬಂದಿರುತ್ತದೆ.

ಇದು ಬಾಯಾಗ ಬರೂದಿಲ್ಲರಿ ಎಂದು ನಟ ಕೈಚೆಲ್ಲಿದ ಸಾಲು ಉಳಿಯುವುದಿಲ್ಲ. ಎಷ್ಟು ದೊಡ್ಡ ಕವಿಯದಾದರೂ ಅಷ್ಟೆ. ಗಟ್ಟಿಯಾಗಿ ಓದಿದಾಗ ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ವಾಕ್ಯದ ತಪ್ಪಿರುತ್ತದೆ ಎನ್ನುವುದನ್ನು ಈ ಮಾಸ್ತರರಿಗೆ ಯಾವ ಕಮ್ಮಟವೂ ಕಲಿಸಿಕೊಟ್ಟದ್ದಲ್ಲ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿ ಇದಕ್ಕೆ ಇನ್ನೊಂದು ಮಗ್ಗುಲು ತೋರಿಸಿತು. ಪಂಚಾಕ್ಷರಿ ಗವಾಯಿಗಳ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಹಾಡಿದರು, ವಾದ್ಯ ನುಡಿಸಿದರು, ಸ್ತ್ರೀಪಾತ್ರ ಹಾಕಿದರು, ನಾಟಕಗಳನ್ನೂ ಬರೆದರು. ಅವರು ಬ್ರೈಲ್ ಬಲ್ಲವರು. ಬ್ರೈಲ್‌ನಲ್ಲಿ ಅಳಿಸುವುದೆಂದರೆ ಎದ್ದ ಚುಕ್ಕಿಯನ್ನು ಉಗುರಿನಿಂದಲೋ ಕಡ್ಡಿಯಿಂದಲೋ ಒತ್ತಿ ಮಲಗಿಸುವುದು. ಬೆರಳಿಗೆ ಅದರ ಗುರುತು ಸ್ವಲ್ಪ ತಾಗುತ್ತಲೇ ಇರುತ್ತದೆ. ಉಳಿದದ್ದೆಲ್ಲ ಕಿವಿಯ ಕೆಲಸ.

ಯಾವ ಪದ ಕವಿಯದು?

ಈಗ ಮತ್ತೆ ಅಳಿಸದ ಕವಿಯ ಹತ್ತಿರ ಬರೋಣ. ಅವನು ಅಳಿಸಲಿಲ್ಲ ಸರಿ. ಅವನ ನಂತರದವರು ಸುಮ್ಮನಿದ್ದರೇ?

ಗದುಗಿನಿಂದ ಹನ್ನೆರಡು ಕಿ.ಮೀ. ದೂರದ ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಪುಣ್ಯದ ಕೆಲಸವೇ. ಆದರೆ ಸಾವಿರ ಪ್ರತಿ ಎಂದರೆ ಲಿಪಿಕಾರರ ಕಣ್ಣು ಸಾವಿರ ಸಲ ಸಾಲು ತಪ್ಪುವ ಅವಕಾಶ, ಅರ್ಥವಾಗದ ಪದಕ್ಕೆ ತಿಳಿದ ಪದ ಹಾಕುವ ಸಾವಿರ ಆಸೆ.

ಕುಮಾರವ್ಯಾಸ ಭಾರತವಂತೂ ಮನೆಮನೆಯಲ್ಲಿ ಓದಿದ, ಹಾಡಿದ, ನಕಲು ಮಾಡಿದ ಪುಸ್ತಕ. ಪ್ರತಿಯಿಂದ ಪ್ರತಿಗೆ ಪಾಠ ಬೇರೆಯಾಯಿತು. ಕವಿ ಹತ್ತನೆಯ ಗದಾಪರ್ವಕ್ಕೆ ನಿಲ್ಲಿಸಿದ್ದನ್ನೂ ಜನ ಹಾಗೇ ಬಿಡಲಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆದು ಮುಗಿಸಿದ.

ಕೊನೆಗೆ 1958ರಲ್ಲಿ ಸರ್ಕಾರ ಜನಸಾಮಾನ್ಯರಿಗಾಗಿ ಇಡೀ ಭಾರತವನ್ನು ಅಚ್ಚು ಹಾಕಿಸಿದಾಗ ಸಂಪಾದಕರಾಗಿ ಕೂತವರು ಕುವೆಂಪು ಮತ್ತು ಮಾಸ್ತಿ. ಒಬ್ಬರು ‘ಕಾನೂರು ಹೆಗ್ಗಡಿತಿ’ಯ ಕರ್ತೃ, ಇನ್ನೊಬ್ಬರು ‘ಚೆನ್ನಬಸವನಾಯಕ’ ಬರೆದವರು. ಪದ ಅಳಿಸದವನ ಕಾವ್ಯದಲ್ಲಿ ಯಾವ ಪದ ಇಡಬೇಕು, ಯಾವುದು ಬಿಡಬೇಕು ಎಂದು ಕನ್ನಡದ ಇಬ್ಬರು ದೊಡ್ಡ ಕಥೆಗಾರರು ತೀರ್ಮಾನಿಸಬೇಕಾಯಿತು.

ಗುಡಿಯ ಅಂಗಳಕ್ಕೆ ಈಗ ಬಿಸಿಲು ಇಳಿದಿದೆ. ಕಂಬದ ಪಕ್ಕ ಹುಡುಗನೊಬ್ಬ ತನ್ನ ಅಜ್ಜಿಯನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ಹಿಡಿಯುತ್ತಿದ್ದಾನೆ. ತೆಗೆದದ್ದನ್ನು ಹಿಗ್ಗಿಸಿ ನೋಡಿದ. ಅಜ್ಜಿ ಕಣ್ಣು ಮುಚ್ಚಿದ್ದಳು. ಅಳಿಸಿದ. “ಇನ್ನೊಮ್ಮೆ ನಿಂದರಬೇ,” ಎಂದ. ಅಜ್ಜಿ ಸೆರಗು ಸರಿಮಾಡಿಕೊಂಡು, ಕಂಬಕ್ಕೆ ಕೈ ಕೊಟ್ಟು ಮತ್ತೆ ನಿಂತಳು.